ಒತ್ತಿದ ಕೀ ಯಾವ ದಣಪೇಲಿ ನಿಂತಿದೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮನೆಯಿಂದಲೇ ಕೆಲಸ ಮಾಡೋ ನಮ್ಮಂಥವರಿಗೆ ಮಳೆಗಾಲದಲ್ಲಿ ನೆಟ್ ಯಾವಾಗ ಹೋಗುತ್ತೆ ಹೇಳೋಕಾಗಲ್ಲ. ಹಾಗಾಗಿ ಟೀಮಕ್ಸ್ ಇಲ್ಲದೆ ನಾನು ಸರ್ವರ್‌ನಲ್ಲಿ ಕೆಲಸ ಶುರು ಮಾಡೋದೇ ಇಲ್ಲ. ಇಲ್ಲಿ ಸಂಪರ್ಕ ಕಡಿದರೂ ಅಲ್ಲಿ ಕೆಲಸ ನಡೀತಾ ಇರುತ್ತೆ. ನೆಟ್ ಬಂದಮೇಲೆ ‘ಟೀಮಕ್ಸ್ ಅಟ್ಯಾಚ್’ ಅಂದ್ರೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು.

ತಕರಾರು ಇರೋದು ಶಾರ್ಟ್‌ಕಟ್‌ಗಳದ್ದು. ಟೀಮಕ್ಸ್‌ಗೆ ಏನು ಹೇಳಬೇಕಾದ್ರೂ ಮೊದಲು ಕಂಟ್ರೋಲ್-ಬಿ ಒತ್ತಬೇಕು. ಆದರೆ ವಿಮ್‌ನಲ್ಲಿ ಒಂದು ಪುಟ ಹಿಂದೆ ಹೋಗೋಕೂ ಅದೇ. 1987ರ ಹಳೇ ‘ಸ್ಕ್ರೀನ್’ ಥರ ಕಂಟ್ರೋಲ್-ಎ ಇಟ್ಕೊಳ್ಳೋಣ ಅಂದ್ರೆ, ಬ್ಯಾಶ್‌ನಲ್ಲಿ ಸಾಲಿನ ಮೊದಲಿಗೆ ಹೋಗೋದು ಅದರಿಂದಲೇ. ಕಂಟ್ರೋಲ್-ಸ್ಪೇಸ್? ಕೆಲವು ಲಿನಕ್ಸ್ ಯಂತ್ರಗಳಲ್ಲಿ ಕನ್ನಡ-ಇಂಗ್ಲಿಷ್ ಬದಲಾಯಿಸೋಕೆ ಐಬಸ್ ಅದನ್ನೇ ಹಿಡಿದಿರುತ್ತೆ.

ತೋಟಕ್ಕೆ ಹೋಗೋ ದಾರೀಲಿ ಒಂದಾದ ಮೇಲೊಂದು ದಣಪೆ ಸಿಗುತ್ತಲ್ಲ, ಇದೂ ಹಾಗೇ. ಒತ್ತಿದ ಕೀ ಮೊದಲು ಡೆಸ್ಕ್‌ಟಾಪ್ ದಾಟಬೇಕು, ಆಮೇಲೆ ಟರ್ಮಿನಲ್, ಆಮೇಲೆ ಟೀಮಕ್ಸ್, ಕೊನೆಗೆ ಬ್ಯಾಶ್ ಅಥವಾ ವಿಮ್. ಮೊದಲು ಹಿಡಿದವರದ್ದೇ ಕೀ. ಮುಂದಿನವರಿಗೆ ಸುದ್ದಿಯೂ ಮುಟ್ಟಲ್ಲ. ಹಾಗಾಗಿ ಸೆಟ್ಟಿಂಗ್ ಮುಟ್ಟೋ ಮುಂಚೆ ಎಲ್ಲಿ ನಿಂತಿದೆ ನೋಡಿ. ಟೀಮಕ್ಸ್‌ನಿಂದ ಹೊರಬಂದು ‘ಕ್ಯಾಟ್’ ಓಡಿಸಿ, ಕಂಟ್ರೋಲ್-ಬಿ ಒತ್ತಿ. ಪರದೆ ಮೇಲೆ ‘^ಬಿ’ ಬಂದ್ರೆ ಮೊದಲೆರಡು ದಣಪೆ ದಾಟಿದೆ ಅಂತ ಅರ್ಥ. ಬರದಿದ್ರೆ ಟೀಮಕ್ಸ್ ಬದಲಾಯಿಸಿ ಪ್ರಯೋಜನವಿಲ್ಲ.

ಕಂಟ್ರೋಲ್-ಎಸ್ ಕಥೆ ಬೇರೆ. ಸೇವ್ ಮಾಡೋ ಅಭ್ಯಾಸದಲ್ಲಿ ಒತ್ತಿದ್ರೆ ಪರದೆ ನಿಂತುಬಿಡುತ್ತೆ. ನೆಟ್ ಹೋಯ್ತು ಅಂತ ವಿಂಡೋ ಮುಚ್ಚಬೇಡಿ. ಟೆಲಿಟೈಪ್ ಕಾಲದಿಂದ ಬಂದಿರೋ ‘ಸ್ವಲ್ಪ ತಡಿ’ ಸೂಚನೆ ಅದು. ಕಂಟ್ರೋಲ್-ಕ್ಯೂ ಒತ್ತಿದ್ರೆ ಮತ್ತೆ ಓಡುತ್ತೆ.

ಲ್ಯಾಪ್‌ಟಾಪ್‌ನಲ್ಲೂ ಸರ್ವರ್‌ನಲ್ಲೂ ಟೀಮಕ್ಸ್ ಇದ್ರೆ, ಕಂಟ್ರೋಲ್-ಬಿ ಲ್ಯಾಪ್‌ಟಾಪ್‌ನದ್ದೇ ಹಿಡಿಯುತ್ತೆ. ಎರಡು ಸಲ ಒತ್ತಿದ್ರೆ ಸರ್ವರ್‌ನದಕ್ಕೆ ತಲುಪುತ್ತೆ. ಈ ಗೊಂದಲವೇ ಬೇಡ ಅಂತ ನಾನು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಪ್ರಿಫಿಕ್ಸ್ ಕಂಟ್ರೋಲ್-ಎ ಮಾಡಿ, ‘ಸೆಂಡ್-ಪ್ರಿಫಿಕ್ಸ್’ಗೂ ಅದನ್ನೇ ಕೊಟ್ಟಿದೀನಿ. ಎರಡು ಸಲ ಒತ್ತಿದ್ರೆ ಬ್ಯಾಶ್‌ನಲ್ಲಿ ಸಾಲಿನ ಮೊದಲಿಗೂ ಹೋಗಬಹುದು.

ಸರ್ವರ್‌ನದ್ದು ಮಾತ್ರ ಮುಟ್ಟಲ್ಲ. ಅರ್ಧರಾತ್ರಿ ಏನೋ ಕೆಟ್ಟು, ಗೊತ್ತಿಲ್ಲದ ಯಂತ್ರಕ್ಕೆ ಲಾಗಿನ್ ಆದಾಗ, ಅಲ್ಲಿ ಸಿಗೋದು ಕಂಟ್ರೋಲ್-ಬಿ ಮಾತ್ರ. ಬೆರಳಿಗೆ ಅದು ಮರೆತುಹೋಗಬಾರದು.