ಸ್ಲೈಡ್ ಇಲ್ಲದ ಕ್ಯಾಮೆರಾ

ಧಾರವಾಡದಲ್ಲಿ ನಮ್ಮಜ್ಜ ಫೋಟೊ ಸ್ಟುಡಿಯೊ ನಡೆಸುತ್ತಿದ್ದರು. ಹಳೆಯ ಮನೆ ಖಾಲಿ ಮಾಡುವಾಗ ಅವರ ಹಾಫ್ ಪ್ಲೇಟ್ ಮರದ ಕ್ಯಾಮೆರಾವನ್ನು ನಾನು ಪುಣೆಗೆ ತಂದೆ. ಫಿಲ್ಮಿಗೆ ಬೆಳಕು ತಾಗದಂತೆ ಹಿಡಿದಿಡುವ ಚಪ್ಪಟೆ ಸ್ಲೈಡುಗಳು ಮಾತ್ರ ಮುರುಕು ಕಿಟಕಿಗಳ ಜೊತೆ ಗುಜರಿಗೆ ಹೋದವು. ಅವೇನೆಂದು ನಮಗ್ಯಾರಿಗೂ ತಿಳಿದಿರಲಿಲ್ಲ.

ಕ್ಯಾಮೆರಾ ಕೊತ್ರೂಡಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ನಿಂತಿತು. ಬಂದವರೆಲ್ಲ ಹೊಗಳಿದರು. ಎಂಬತ್ತು ದಾಟಿದ ಅಪ್ಪ ಮಾತ್ರ ಹಿಂಬದಿ ನೋಡಿ, ‘ಸ್ಲೈಡ್ ಎಲ್ಲಿ ಅದಾವೋ? ಅವಿಲ್ಲಂದ್ರ ಇದು ಬರೇ ಪೆಟ್ಟಿಗಿ’ ಅಂದರು. ಇದೇ ಕ್ಯಾಮೆರಾದಲ್ಲಿ ಅವರದೊಂದು ಫೋಟೊ ತೆಗೆಯಲೇಬೇಕು ಎಂದು ಅಂದೇ ನಿಶ್ಚಯಿಸಿದೆ.

ಬುಧವಾರ, ಭಾನುವಾರ ಸೇರುವ ಇಲ್ಲಿನ ಜುನಾ ಬಜಾರಿನಲ್ಲಿ ತಿಂಗಳುಗಟ್ಟಲೆ ಹುಡುಕಿದ ಮೇಲೆ ಎರಡು ಸ್ಲೈಡ್ ಸಿಕ್ಕವು. ಎರಡೂ ಹಾಫ್ ಪ್ಲೇಟ್, ಅಂದರೆ 4¾×6½ ಇಂಚು. ಒಂದು ಗಾಡಿಯೊಳಗೆ ಇಳಿಯಲೇ ಇಲ್ಲ. ಇನ್ನೊಂದು ಇಳಿಯಿತು, ಆದರೆ ಚಿತ್ರ ಮಸುಕಾಯಿತು. ಫೋಕಸ್ ನೋಡುವ ಮಸುಕು ಗಾಜು ಎಷ್ಟು ಆಳದಲ್ಲಿರುತ್ತದೋ ಫಿಲ್ಮೂ ಅಷ್ಟೇ ಆಳದಲ್ಲಿ ಕೂರಬೇಕು. ಒಂದು ಮಿಲಿಮೀಟರ್ ತಪ್ಪಿದರೂ ಕೆಟ್ಟಿತು. ಮರದ ಕ್ಯಾಮೆರಾಗಳಿಗೆ ಬಡಗಿ ಆಯಾ ಕ್ಯಾಮೆರಾಕ್ಕೇ ಸ್ಲೈಡ್ ಹೊಂದಿಸುತ್ತಿದ್ದ. ಜರ್ಮನಿಯ 9×12 ಸೆಂ.ಮೀ. ಲೋಹದ ಕ್ಯಾಮೆರಾಗಳಲ್ಲೂ ಒಂದು ಕಂಪನಿಯ ಹೋಲ್ಡರ್ ಇನ್ನೊಂದಕ್ಕೆ ಕೂರುತ್ತದೆಂಬ ಖಾತರಿಯಿಲ್ಲ. ಸಾಲದ್ದಕ್ಕೆ ಇವು ಗಾಜಿನ ಪ್ಲೇಟಿಗೆಂದು ಮಾಡಿದವು. ತೆಳು ಫಿಲ್ಮ್ ಬಾಗದಂತೆ ನಿಲ್ಲಲು ತಗಡಿನ ಹೊದಿಕೆಯೂ ಬೇಕು.

ಕೊನೆಗೆ ದಾರಿ ತೋರಿದವರು ಕಸಬಾ ಪೇಟೆಯ ಒಬ್ಬ ಬಡಗಿ. ಇಂದಿಗೂ ಸಿಗುವ 4×5 ಇಂಚಿನ ಹೋಲ್ಡರುಗಳ ಅಳತೆ ಎಲ್ಲ ಕಂಪನಿಗಳಲ್ಲೂ ಒಂದೇ. ಅದು ಕೂರುವಂಥ ಹೊಸ ಹಿಂಬದಿಯನ್ನು ಅವರು ಸಾಗುವಾನಿಯಲ್ಲಿ ಮಾಡಿಕೊಟ್ಟರು. ಅಜ್ಜನ ಕ್ಯಾಮೆರಾಕ್ಕೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಹಳೆಯ ಹಿಂಬದಿ ಹಾಗೇ ಇದೆ. ಚಿತ್ರ ಕೊಂಚ ಚಿಕ್ಕದಾದರೂ ಅಪ್ಪನ ಕಣ್ಣು, ಹುಬ್ಬಿನ ಒಂದೊಂದು ಕೂದಲೂ ಸ್ಪಷ್ಟವಾಗಿ ಬಂದಿದೆ.

ಹಳೆಯ ವಸ್ತುಗಳ ಮೇಲಿನ ನಮ್ಮ ಪ್ರೀತಿ ಬರೀ ಅಲಂಕಾರದ್ದು ಎಂಬುದು ನನ್ನ ದೂರು. ಹೋಟೆಲು, ಕೆಫೆಗಳ ಶೋಕೇಸಿನಲ್ಲಿ ಪಾಲಿಶ್ ಮಾಡಿದ ಕ್ಯಾಮೆರಾ ಇರುತ್ತದೆ, ಬೆನ್ನಿಗೆ ಸ್ಲೈಡ್ ಇರುವುದಿಲ್ಲ. ಚಂದ ಕಾಣುವುದನ್ನು ಉಳಿಸಿ, ಕೆಲಸ ಮಾಡುವುದನ್ನು ಎಸೆಯುತ್ತೇವೆ. ಊರು ಬಿಟ್ಟ ನಮ್ಮಂಥವರು ಇದನ್ನು ಹೆಚ್ಚು ಮಾಡುತ್ತೇವೆ. ನಮಗೆ ಬೇಕಾದದ್ದು ನೆನಪಿಗೊಂದು ತುಣುಕು, ಅಷ್ಟೇ.

ಈ ಸಲ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಕೇರಳದ ಆಲಪ್ಪುಳದಲ್ಲಿ ತಯಾರಾದ ವಾಗೀಶ್ವರಿಯಂಥ ಮರದ ಕ್ಯಾಮೆರಾ ಇದ್ದರೆ, ಪಕ್ಕದಲ್ಲಿರುವ ಚಪ್ಪಟೆ ಪೆಟ್ಟಿಗೆ, ತಗಡಿನ ಚೂರು, ಮಸುಕು ಗಾಜು ಯಾವುದನ್ನೂ ಬಿಡಬೇಡಿ. ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಿಡಿ. ಮಾರುವುದಿದ್ದರೂ ಒಟ್ಟಿಗೇ ಮಾರಿ. ಏನೆಂದು ತಿಳಿಯದಿದ್ದರೆ ಮನೆಯ ಹಿರಿಯರನ್ನು ಕೇಳಿ, ಹೇಳುವವರು ಇರುವಾಗಲೇ.