ಟ್ರೋಮ್ಸೊ ಮೇಲೋ, ರೋವನಿಯೆಮಿ ಮೇಲೋ?
ಧ್ರುವಪ್ರಭೆ ನೋಡಲು ಹೊರಡುವವರ ಮುಂದೆ ಬಂದು ನಿಲ್ಲುವ ಎರಡು ಹೆಸರುಗಳು ನಾರ್ವೆಯ ಟ್ರೋಮ್ಸೊ ಮತ್ತು ಫಿನ್‌ಲೆಂಡಿನ ರೋವನಿಯೆಮಿ. ಎರಡಕ್ಕೂ ಷೆಂಗೆನ್ ವೀಸಾ ಸಾಕು. ಆಯ್ಕೆ ಮಾತ್ರ ಸುಲಭವಲ್ಲ. ರೋವನಿಯೆಮಿ ಇರುವುದು ಆರ್ಕ್ಟಿಕ್ ವೃತ್ತದ ಅಂಚಿನಲ್ಲಿ, ಎರಡು ನದಿಗಳು ಕೂಡುವಲ್ಲಿ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಸುಟ್ಟುಹಾಕಿದ ಈ ಊರಿಗೆ ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ ಹಿಮಸಾರಂಗದ ಕೊಂಬಿನ ಆಕಾರದ ನಕ್ಷೆ ಬರೆದರು. ಹೆಲ್ಸಿಂಕಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಸಾಂತಾಕ್ಲಾಸನ ಹಳ್ಳಿ, ಕಾಲಡಿ ಕರಕರ ಎನ್ನುವ ಒಣ ಹಿಮ, ಮಕ್ಕಳಿಗಂತೂ ಹಬ್ಬ. ಆದರೆ ಉಷ್ಣಾಂಶ ಮೈನಸ್ 30ಕ್ಕೂ ಇಳಿಯಬಲ್ಲದು. ಟ್ರೋಮ್ಸೊ ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿದ್ದರೂ ಬೆಚ್ಚನೆಯ ಸಾಗರಪ್ರವಾಹದ ದೆಸೆಯಿಂದ ಅಲ್ಲಿನ ಬಂದರು ಹೆಪ್ಪುಗಟ್ಟುವುದಿಲ್ಲ. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ನಡುಹಗಲಲ್ಲಿ ಕೆಲವೇ ಗಂಟೆ ನೀಲಿ ಬೆಳಕು ಬೆಟ್ಟಗಳ ಹಿಮದ ಮೇಲೆ ಹರಡುತ್ತದೆ, ಸೇತುವೆಯಾಚೆ 1965ರ ಆರ್ಕ್ಟಿಕ್ ಕೆಥೆಡ್ರಲ್‌ನ ತ್ರಿಕೋನ ಗಾಜಿನ ಹಿಂದೆ ದೀಪ ಹೊಳೆಯುತ್ತಿರುತ್ತದೆ. ಕಡಲತೀರವಾದ್ದರಿಂದ ಮೋಡದ ಕಾಟವೂ ಉಂಟು. ಆದರೆ ಮೋಡ ಕವಿದ ರಾತ್ರಿ ಗೈಡ್‌ಗಳು ವ್ಯಾನ್ ಹತ್ತಿಸಿಕೊಂಡು ಬೆಟ್ಟಗಳಾಚೆ, ಫಿನ್‌ಲೆಂಡ್ ಗಡಿಯತ್ತ ತಿಳಿ ಆಕಾಶ ಹುಡುಕಿಕೊಂಡು ಹೋಗುತ್ತಾರೆ. ಚಿಕ್ಕ ಮಕ್ಕಳಿದ್ದರೆ ರೋವನಿಯೆಮಿಗೇ ಹೋಗಿ. ಕಡಲು, ಬೆಟ್ಟ, ಬೆಳಕು ಮೂರೂ ಒಟ್ಟಿಗೆ ಬೇಕಿದ್ದರೆ ನನ್ನ ಮತ ಟ್ರೋಮ್ಸೊಗೆ. ಎಲ್ಲಿಗೇ ಹೋದರೂ ಕನಿಷ್ಠ ನಾಲ್ಕು ರಾತ್ರಿ ಇಟ್ಟುಕೊಳ್ಳಿ. ಒಂದೇ ರಾತ್ರಿಯಲ್ಲಿ ಆಕಾಶ ಒಲಿಯುವ ಖಾತ್ರಿಯಿಲ್ಲ.