ಹಾವಿನ ಸೇಡು ಟಿ.ವಿ.ಯಲ್ಲೇ ಇರಲಿ

ಜೀ ಕನ್ನಡದಲ್ಲಿ 2016ರಲ್ಲಿ ‘ನಾಗಿಣಿ’ ಬಂತು. 2020ರಲ್ಲಿ ‘ನಾಗಿಣಿ 2’ ಶುರುವಾದಾಗ ನಮ್ಮ ಜಗಲಿಯಲ್ಲಿ ದಿನಾ ಅದೇ ಚರ್ಚೆ. “ಮೊದಲಿಂದೇ ಚೆನ್ನಾಗಿತ್ತು” ಅಂತ ಅತ್ತೆ. “ಇಲ್ಲ, ಇದೇ ಚೆಂದ” ಅಂತ ಅಣ್ಣ. ಹಾವು ಸೇಡು ಇಟ್ಟುಕೊಳ್ಳುತ್ತದಾ ಅಂತ ಮಾತ್ರ ಯಾರೂ ಕೇಳಲಿಲ್ಲ. ನಾನೂ ನಂಬಿದ್ದೆ.

ಮೊನ್ನೆ ಬಣವೆಯ ಹತ್ತಿರ ಕೇರೆಹಾವು ಬಂತು. ಒಂದು ಏಟು ಬಿತ್ತು. “ಬಿಟ್ರೆ ಸೇಡು ತೀರಿಸ್ಕೊಳ್ಳುತ್ತೆ” ಅಂತ ಅಟ್ಟಿಸಿಕೊಂಡು ಹೋಗಿ ಕೊಂದರು. ಕೇರೆಗೆ ವಿಷವಿಲ್ಲ, ಇಲಿ ತಿಂದು ನಮ್ಮ ಬೆಳೆ ಉಳಿಸುತ್ತದೆ. ಇದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ನಾಚಿಕೆಯಾಗುತ್ತದೆ.

ಗೆಳೆಯರೇ, ಧಾರಾವಾಹಿ ನೋಡಬೇಡಿ ಅನ್ನಲ್ಲ. ನಾನೂ ನೋಡ್ತೀನಿ. ಆದರೆ ಮುಖ ನೆನಪಿಟ್ಟು ಹುಡುಕಿಕೊಂಡು ಬರೋ ಹಾವು ಕಥೆಯಲ್ಲಿ ಮಾತ್ರ ಇರುತ್ತದೆ. ನಿಜವಾದ ಹಾವು ಕಂಡರೆ ದೂರ ನಿಂತು ದಾರಿ ಬಿಡೋಣ.